ನಾಲ್ಕು ಡಿಸ್ಕು, ಒಂದು ಮೊಹರಂ ಪದ

೨೦೨೪, ಜೂನ್ ೧೬, ಭಾನುವಾರ. ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ.

ಶಹಾಬಾದದಿಂದ ಮಾಮಾ ಫೋನ್ ಮಾಡಿದ. ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಅಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ. ನಾನು ಸೇಡಂನ ನಮ್ಮ ಮನೆಯ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದೆ.

"ಏ ಅವ್ವಿ, ನಿನ್ನ ಪೆಟ್ಟಿಗಿ ಒದರಾಕತ್ತದ ನೋಡು. ಪೀ ಪೀ ಅಂತ ಒಂದೇ ಸವನ. ನಿಮ್ಮತ್ತಿ ಕುಕ್ಕರ್ ಅಂತ ತಿಳ್ಕೊಂಡು ಗ್ಯಾಸ್ ಆರಿಸಿ ಬಂದಳು."

"ಮುಟ್ಟಬ್ಯಾಡ ಮಾಮಾ. ಬಂದ್ ಮಾಡಬ್ಯಾಡ. ನಾ ಬರ್ತೀನಿ."

"ಜಲ್ದಿ ಬಾ. ಆಡಕಿ ಮುತ್ಯಾಗ ಇವತ್ತೇ ಬಾ ಅಂದೀನಿ."

ಆ ಪೆಟ್ಟಿಗೆ ನಾನು ಡಿಪ್ಲೊಮಾ ಓದುವಾಗ, ೨೦೨೨ರ ಡಿಸೆಂಬರ್ ರಜೆಯಲ್ಲಿ ಜೋಡಿಸಿಕೊಟ್ಟ ಹಳೆಯ ಕಂಪ್ಯೂಟರು. ಮಾಮಾನ ಹೊಟ್ಟೆಪಾಡು ಮದುವೆ ವಿಡಿಯೊ. ಹುಚ್ಚು ಬೇರೆ: ಊರೂರಿಗೆ ಹೋಗಿ ಮೊಹರಂ ಪದ, ಭಜನೆ, ಸೋಬಾನೆ ಪದ ರೆಕಾರ್ಡ್ ಮಾಡಿಕೊಂಡು ಬರುವುದು. ಮೊದಲು ಅವನ್ನೆಲ್ಲ ಸೀಡಿಯಲ್ಲಿ ಇಡುತ್ತಿದ್ದ. ಊರಿನ ಕಲ್ಲುಗಣಿಗಳ ಧೂಳಿಗೆ ಸೀಡಿಗಳು ಗೀರುಬಿದ್ದು ಹೋದವು. ಆಮೇಲೆ ಒಂದು ದೊಡ್ಡ ಹಾರ್ಡ್ ಡಿಸ್ಕ್ ತಂದ. ಅದೂ ಒಂದು ಬೇಸಿಗೆಯಲ್ಲಿ ಟಕ್ ಟಕ್ ಎಂದು ನಿಂತಿತು. ಅದರೊಳಗೆ ಹದಿನಾಲ್ಕು ಮದುವೆಗಳಿದ್ದವು. ಮಾಮಾ ಎರಡು ದಿನ ಸ್ಟುಡಿಯೊ ಬಾಗಿಲು ತೆಗೆಯಲಿಲ್ಲವಂತೆ.

ಆದ್ದರಿಂದ ನಾನು ನಾಲ್ಕು ಡಿಸ್ಕುಗಳನ್ನು ಒಂದೇ ಡಿಸ್ಕಿನಂತೆ ಕೂಡಿಸಿ ನಡೆಸುವ ವ್ಯವಸ್ಥೆ ಮಾಡಿದೆ. ಇದಕ್ಕೆ ಸಾಫ್ಟ್‌ವೇರ್ ರೇಡ್ ಎನ್ನುತ್ತಾರೆ. ಬೇರೆ ಯಂತ್ರವೇನೂ ಬೇಡ, ಲಿನಕ್ಸ್‌ನೊಳಗಿನ ಒಂದು ಸಣ್ಣ ಪ್ರೋಗ್ರಾಂ ಸಾಕು. ಬರೆಯುವುದನ್ನೆಲ್ಲ ಅದು ತುಂಡು ಮಾಡಿ ನಾಲ್ಕಕ್ಕೂ ಹಂಚುತ್ತದೆ, ಜೊತೆಗೆ ಒಂದು ಲೆಕ್ಕವನ್ನೂ ಇಡುತ್ತದೆ. ಒಂದು ಡಿಸ್ಕ್ ಸತ್ತರೆ ಉಳಿದ ಮೂರು ಸೇರಿ ಆ ಲೆಕ್ಕದಿಂದ ಸತ್ತದ್ದರಲ್ಲಿ ಏನಿತ್ತೆಂದು ಹೇಳಬಲ್ಲವು. ಎರಡು ಸತ್ತರೆ ಹೇಳಲಾರವು. ಮಾಮಾನಿಗೆ ಇದು ತಕ್ಷಣ ಅರ್ಥವಾಯಿತು.

"ಮೇಳ ಇದ್ದಂಗ. ಒಬ್ಬಾಂವ ನುಡಿ ಮರತ್ರ ಉಳಿದವರು ಎತ್ತಿ ಕೊಡ್ತಾರ. ಇಬ್ಬರು ಮರತ್ರ ಎಲ್ಲಾರೂ ಬಾಯಿ ಬಾಯಿ ನೋಡ್ತಾರ."

ಡಿಸ್ಕುಗಳಿಗೆ ಹೆಸರು ಬೇಕಿತ್ತು. ಕಂಪ್ಯೂಟರು ಕೊಡುವ ಹೆಸರುಗಳು ನಂಬಿಕೆಗೆ ಅರ್ಹವಲ್ಲ. ತಂತಿ ಬದಲಾದರೆ ಅವೂ ಬದಲಾಗುತ್ತವೆ. ಹಾಗಾಗಿ ಪ್ರತಿ ಡಿಸ್ಕಿನ ಸೀರಿಯಲ್ ನಂಬರಿಗೆ ಒಂದೊಂದು ಊರಿನ ಹೆಸರು ಕೊಟ್ಟೆ. ನಾನು ಶಹಾಬಾದಕ್ಕೆ ಬರುತ್ತಿದ್ದದ್ದು ಪ್ಯಾಸೆಂಜರ್ ಗಾಡಿಯಲ್ಲಿ. ಪೆಟ್ಟಿಗೆಯಲ್ಲಿ ಒಂದರ ಕೆಳಗೊಂದು ನಾಲ್ಕು ಖಾನೆ. ಮೇಲಿನಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಎಂದು ಚೀಟಿ ಅಂಟಿಸಿದೆ. ಐದನೆಯದೊಂದು ಡಿಸ್ಕ್ ಇತ್ತು, ಯಾವುದಾದರೂ ಸತ್ತರೆ ಅದರ ಜಾಗಕ್ಕೆ ಹಾಕಲು. ಅದಕ್ಕೆ ಚಿಂಚೋಳಿ ಎಂದು ಬರೆದು ಕಪಾಟಿನಲ್ಲಿಟ್ಟೆ.

"ಚಿಂಚೋಳಿ ಯಾಕ ಹೊರಗ?" ಎಂದು ಅತ್ತಿ ಕೇಳಿದ್ದಳು.

"ಅಲ್ಲಿಗೆ ರೈಲಿಲ್ಲಲ್ಲ ಅತ್ತಿ."

"ಅಯ್ಯ, ಪಾಪ. ಇಲ್ಲೂ ಅವರಿಗಿ ಬಸ್ಸೇ ಗತಿ."

ಆ ಗಾಡಿಯ ಪ್ರಯಾಣಗಳನ್ನು ಈಗ ನೆನೆದರೆ ನನಗೆ ಮೊದಲು ಬರುವುದು ವಾಸನೆ. ಚಿತ್ತಾಪುರದಲ್ಲಿ ಹತ್ತುತ್ತಿದ್ದ ಮಿರ್ಚಿ ಭಜಿಯ ಬುಟ್ಟಿ, ಕಿಟಕಿಯ ಕಬ್ಬಿಣದ ತುಕ್ಕು, ಯಾರದೋ ಗಂಟಿನೊಳಗಿನ ಪುಂಡಿಪಲ್ಯ. ವಾಡಿಯಲ್ಲಿ ಗಾಡಿ ಎಷ್ಟು ಹೊತ್ತು ನಿಲ್ಲುತ್ತದೆಂದು ಯಾರೂ ಹೇಳುವಂತಿರಲಿಲ್ಲ. ಜನ ಇಳಿದು ಚಾ ಕುಡಿದು, ಮುಖ ತೊಳೆದು, ಜಗಳ ಶುರುಮಾಡಿ, ಮುಗಿಸಿ ಮತ್ತೆ ಹತ್ತುತ್ತಿದ್ದರು. ನನ್ನ ಡೈರಿಯ ಪುಟದ ಅಂಚಿನಲ್ಲಿ ವಾಡಿಗೆಂದೇ ಒಂದು ಸಾಲು ಇರುತ್ತಿತ್ತು: ಇಂದು ಇಪ್ಪತ್ತೆರಡು ನಿಮಿಷ, ಇಂದು ನಲವತ್ತು. ಆಗ ಅದು ದೂರಿನ ಪಟ್ಟಿಯಾಗಿತ್ತು. ಈಗ ಓದಿದರೆ ಆ ನಿಮಿಷಗಳಲ್ಲಿ ಒಂದೂ ಹೆಚ್ಚೆನಿಸುವುದಿಲ್ಲ.

ಆ ಭಾನುವಾರ ಅದೇ ಗಾಡಿಯಲ್ಲಿ ಆಡಕಿ ಎಂಬ ಹಳ್ಳಿಯ ಅಜ್ಜ, ಆಡಕಿ ಮುತ್ಯಾ, ನನ್ನ ಎದುರಿಗೇ ಕುಳಿತಿದ್ದರು. ನಾನು ಅವರನ್ನು ಮಾಮಾ ತೆಗೆದ ಫೋಟೊಗಳಲ್ಲಿ ನೋಡಿದ್ದೆ. ಮೊಹರಂನಲ್ಲಿ ಆಡಕಿಯ ಹೆಜ್ಜೆಮೇಳಕ್ಕೆ ಮುಂದೆ ನಿಂತು ಪದ ಎತ್ತುವವರು ಅವರೇ. ಕೊರಳಿಗೆ ಬಿಳಿ ವಸ್ತ್ರ ಸುತ್ತಿದ್ದರು. ಚಳಿಗಾಲದಲ್ಲಿ ಗಂಟಲಿನ ಆಪರೇಷನ್ ಆಗಿತ್ತು. ಜೀವ ಉಳಿದಿತ್ತು, ದನಿ ಹೋಗಿತ್ತು. ಪಿಸುಮಾತು ಮಾತ್ರ ಬರುತ್ತಿತ್ತು. ಗಾಡಿಯ ಸದ್ದಿನಲ್ಲಿ ಅದೂ ಕೇಳಿಸುವಂತಿರಲಿಲ್ಲ, ಆದ್ದರಿಂದ ನಾನು ಅವರ ತುಟಿಯನ್ನೇ ನೋಡಬೇಕಾಯಿತು.

"ಮೊಹರಂ ಚಂದ್ರಾಮ ಮೂರು ವಾರಕ್ಕ ಕಾಣ್ತಾನ," ಎಂದರು. "ಹುಡುಗರಿಗಿ ಪದ ಬರಂಗಿಲ್ಲ. ಹಿಂದ ನಿಂತು ಕೊನೀ ಸಾಲು ಅಂದವರು ಅವರು. ಪೂರಾ ಪದ ನಂದೊಬ್ಬಂದೇ."

"ನೀವು ಹೇಳ್ರಿ ಮುತ್ಯಾ, ಯಾರರೆ ಬರಕೊಳ್ಳಲಿ."

ಅವರು ನಕ್ಕರು. "ಹಾಡಿದ್ರ ಬರ್ತಿದ್ವು. ಹೇಳಂದ್ರ ಬರಂಗಿಲ್ಲ ಯವ್ವಾ. ದನಿ ಎಳದ್ರ ನುಡಿ ಹಿಂದಿಂದ ಬರ್ತಿತ್ತು, ದನದ ಹಿಂದ ಕರ ಬಂದಂಗ."

ಹಿಂದಿನ ವರ್ಷದ ಮೊಹರಂನಲ್ಲಿ ಮಾಮಾ ಅವರ ಹನ್ನೊಂದು ಪದಗಳನ್ನು ರೆಕಾರ್ಡ್ ಮಾಡಿಕೊಂಡಿದ್ದ. ಅವನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋಗಿ ಹುಡುಗರಿಗೆ ಕೇಳಿಸಿ ಕಲಿಸಬೇಕು. ಇಲ್ಲದಿದ್ದರೆ ಈ ಸಲ ಆಡಕಿಯವರು ಬೇರೆ ಊರಿನ ಪದವನ್ನು ಲೌಡ್‌ಸ್ಪೀಕರಿನಲ್ಲಿ ಹಚ್ಚಿ ಕುಣಿಯಬೇಕು. ಅದನ್ನು ಹೇಳುವಾಗ ಮುತ್ಯಾ ಕಿಟಕಿಯ ಕಡೆ ತಿರುಗಿದರು. ಪದಗಳು ಇದ್ದದ್ದು ಒಂದೇ ಕಡೆ, ಆ ಪೆಟ್ಟಿಗೆಯಲ್ಲಿ. ರೆಕಾರ್ಡರಿನ ಕಾರ್ಡನ್ನು ಮಾಮಾ ಆಗಲೇ ಅಳಿಸಿ ನಾಲ್ಕು ಮದುವೆಗಳಿಗೆ ಬಳಸಿದ್ದ. ನಾಲ್ಕು ಡಿಸ್ಕಿನ ರೇಡ್ ಇರುವಾಗ ಇನ್ನೊಂದು ನಕಲು ಏಕೆ ಎಂದು ಆ ಮನೆಯಲ್ಲಿ ಎಲ್ಲರೂ ನೆಮ್ಮದಿಯಾಗಿದ್ದೆವು.

ಸ್ಟುಡಿಯೊ ಮುಟ್ಟಿದಾಗ ಹತ್ತೂವರೆ. ಅದರ ಹಿಂದೆಯೇ ಮಾಮಾನ ಮನೆ. ಮುಂದಿನ ಕೋಣೆಯಲ್ಲಿ ಮೇಜು, ಪರದೆ, ಗಿರಾಕಿಗಳ ಬೆಂಚು. ಪೆಟ್ಟಿಗೆ ಒಳಕೋಣೆಯಲ್ಲಿ, ಫರ್ಸಿ ಕಲ್ಲಿನ ಹಲಗೆಯ ಮೇಲೆ. ಕಲ್ಲು ತಂಪು ಎಂದು ಅಲ್ಲಿಟ್ಟಿದ್ದೆವು. ನಾನು ಮೇಜಿಗೆ ಕುಳಿತು ನೋಡಿದೆ. ಎಲ್ಲ ಸರಿಯಿದ್ದರೆ ಪರದೆಯ ಮೇಲೆ ಇಂಗ್ಲಿಷಿನ ಯು ಅಕ್ಷರ ನಾಲ್ಕು ಸಲ ಸಾಲಾಗಿ ಕಾಣಬೇಕು. ಅಂದು ಎರಡನೆಯ ಜಾಗದಲ್ಲಿ ಒಂದು ಅಡ್ಡಗೆರೆ ಇತ್ತು. ಸೀರಿಯಲ್ ನಂಬರ್ ತೆಗೆದು ನೋಡಿದೆ: ಚಿತ್ತಾಪುರ.

ಗಾಬರಿಯಾಗುವಂಥದ್ದೇನೂ ಇರಲಿಲ್ಲ. ಇದಕ್ಕೆಂದೇ ಅಲ್ಲವೇ ನಾಲ್ಕು ಇಟ್ಟದ್ದು? ಚಿತ್ತಾಪುರವನ್ನು ಗುಂಪಿನಿಂದ ಕೈಬಿಡುವ ಆಜ್ಞೆ ಕೊಟ್ಟೆ, ಪೀ ಪೀ ನಿಂತಿತು. ಇನ್ನು ಅದನ್ನು ಖಾನೆಯಿಂದ ಎಳೆದು, ಚಿಂಚೋಳಿಯನ್ನು ತಳ್ಳಿ, ಗುಂಪಿಗೆ ಸೇರಿಸಿದರೆ ಮುಗಿಯಿತು. ಕೂತಲ್ಲಿಂದಲೇ ಕೂಗಿದೆ.

"ಮಾಮಾ, ಚಿತ್ತಾಪುರ ತೆಗಿ!"

"ಚಿತ್ತಾಪುರನೇ?"

"ಹೂಂ, ಚಿತ್ತಾಪುರ!"

"ತಗದೆ ನೋಡು!"

ಪೆಟ್ಟಿಗೆ ಮತ್ತೆ ಒದರತೊಡಗಿತು. ಈ ಸಲ ಬೇರೆ ರೀತಿ, ಉಸಿರು ಬಿಡದೆ. ಪರದೆಯ ಮೇಲೆ ಎರಡು ಯು, ನಡುವೆ ಎರಡು ಅಡ್ಡಗೆರೆ. ಪದಗಳ ಫೋಲ್ಡರ್ ತೆರೆಯಲು ಹೋದರೆ ಖಾಲಿ. ಒಳಗೆ ಓಡಿದೆ. ಮಾಮಾ ಡಿಸ್ಕನ್ನು ಎರಡೂ ಕೈಯಲ್ಲಿ ಪ್ರಸಾದದಂತೆ ಹಿಡಿದು ನಿಂತಿದ್ದ. ಅದರ ಮೇಲೆ ಮುದ್ದಾದ ಅಕ್ಷರದಲ್ಲಿ ಚಿತ್ತಾಪುರ ಎಂದೇ ಬರೆದಿತ್ತು. ಆದರೆ ಅದು ನನ್ನ ಅಕ್ಷರವಲ್ಲ. ಡಿಸ್ಕಿನ ಮೈಮೇಲೆ ಅಚ್ಚಾದ ನಂಬರು ವಾಡಿಯದು. ಪೆಟ್ಟಿಗೆಯನ್ನು ನೋಡಿದೆ. ಮೇಲಿನ ಖಾನೆಯ ಚೀಟಿ: ಶಹಾಬಾದ. ಅದರ ಕೆಳಗೆ ವಾಡಿ. ಮೂರನೆಯದು ಈಗ ಖಾಲಿ. ಕೊನೆಯಲ್ಲಿ ಸೇಡಂ.

"ಈ ಚೀಟಿ ಯಾರು ಹಚ್ಚಿದ್ರು?"

ಅತ್ತಿ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸುತ್ತ ಬಂದಳು. "ನಾನೇ. ಆಯುಧಪೂಜಿ ದಿನ ಪೆಟ್ಟಿಗಿ ಒರಸಿ ವಿಭೂತಿ, ಕುಂಕುಮ ಹಚ್ಚಿದ್ನಲ್ಲ. ನಿನ್ನ ಚೀಟಿ ಎಲ್ಲಾ ಕುಂಕುಮ ಆಗಿ ಅಳಿಸಿ ಹೋದ್ವು. ಹೊಸಾದು ಬರದು ಹಚ್ಚಿದೆ. ಚಂದ ಬರದೀನಿ ಇಲ್ಲೋ?"

"ಶಹಾಬಾದ ಮ್ಯಾಲ ಯಾಕ ಹಚ್ಚಿದಿ ಅತ್ತಿ? ಸೇಡಂ ಮ್ಯಾಲಿತ್ತು!"

"ಗಾಡಿ ಎಲ್ಲಿಂದ ಬಿಡ್ತದ? ನಮ್ಮೂರಿಂದ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ. ನನ್ನ ಮದಿವಿ ಆದಾಗಿಂದ ನಾ ನಿಮ್ಮ ಮನಿಗಿ ಹಂಗೇ ಬಂದೀನಿ. ನಡುವ ಏನರೆ ಬದಲಾತೇನು?"

ಅತ್ತಿ ಶಹಾಬಾದದಲ್ಲೇ ಹುಟ್ಟಿ ಬೆಳೆದವಳು. ಅವಳಿಗೆ ಆ ಹಳಿ ಅಲ್ಲಿಂದಲೇ ಶುರುವಾಗುತ್ತದೆ. ನನಗೆ ಸೇಡಂನಿಂದ. ಒಂದೇ ಹಳಿಯ ಎರಡು ತುದಿಯಲ್ಲಿ ನಿಂತು ಇಬ್ಬರೂ ಸರಿಯಾಗಿಯೇ ಎಣಿಸಿದ್ದೆವು. ಸತ್ತ ಚಿತ್ತಾಪುರ ವಾಡಿ ಎಂಬ ಚೀಟಿ ಹೊತ್ತು ಒಳಗೇ ಕುಳಿತಿತ್ತು. ಜೀವಂತ ವಾಡಿ ಮಾಮಾನ ಕೈಯಲ್ಲಿತ್ತು.

ಬೆಂಚಿನ ಮೇಲಿಂದ ಮುತ್ಯಾ ಎದ್ದು ಬಾಗಿಲಿಗೆ ಬಂದಿದ್ದರು. ಕೊರಳಿನ ವಸ್ತ್ರವನ್ನು ಬಿಗಿಮಾಡಿಕೊಂಡರು.

"ಹೋದ್ವೇನು?" ಮಾಮಾ ಕೇಳಿದ. ಅವನ ದನಿಯೂ ಪಿಸುದನಿಯಾಗಿತ್ತು.

"ಗೊತ್ತಿಲ್ಲ. ಅದನ್ನ ಅಲ್ಲೇ ಇಡು. ಹಂಗೇ, ಮೂರನೇ ಖಾನಿಯೊಳಗ."

ಮತ್ತೆ ತಳ್ಳಿದರೂ ಗುಂಪು ಅದನ್ನು ಸೇರಿಸಿಕೊಳ್ಳಲಿಲ್ಲ. ನಡುವೆ ಎದ್ದುಹೋದವನನ್ನು ಈ ಪ್ರೋಗ್ರಾಂ ಸುಲಭಕ್ಕೆ ನಂಬುವುದಿಲ್ಲ. ಮಾಮಾ ಹಿಂದೆ ನಿಂತು, "ಎಲ್ಲಾ ಬಿಚ್ಚಿ ಹೊಸದಾಗಿ ಜೋಡಿಸಿಬಿಡವ್ವ," ಎಂದ. ಹಾಗೆ ಮಾಡುವ ಆಜ್ಞೆಯೂ ಇದೆ. ಆದರೆ ಹೊಸ ಗುಂಪು ಕಟ್ಟಿದರೆ ಹಳೆಯದರ ಗುರುತು ಅಳಿಯುತ್ತದೆ, ಕ್ರಮದಲ್ಲಿ ಒಂದು ತಪ್ಪಿದರೂ ಪದಗಳು ಗಂಜಿಯಾಗುತ್ತವೆ. ಬೆರಳನ್ನು ಕೀಲಿಮಣೆಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಅತ್ತಿ ಕಪ್ಪು-ಬಸಿಯಲ್ಲಿ ಚಾ ತಂದಿಟ್ಟಳು. ಕುಡಿದ ಮೇಲೆ ತಲೆ ಓಡಿತು.

ಇಂಥ ಗುಂಪಿನ ಪ್ರತಿ ಡಿಸ್ಕೂ ತನ್ನ ಒಂದು ಮೂಲೆಯಲ್ಲಿ ಕೆಲವು ವಿಷಯ ಬರೆದುಕೊಂಡಿರುತ್ತದೆ: ತಾನು ಯಾವ ಗುಂಪಿನದು, ಅದರಲ್ಲಿ ಎಷ್ಟನೆಯದು, ಕೊನೆಯ ಸಲ ಎಲ್ಲಿಯವರೆಗೆ ಜೊತೆಗಿದ್ದೆ. ಮೇಲೆ ಯಾರು ಯಾವ ಚೀಟಿ ಹಚ್ಚಿದರೂ ಅದಕ್ಕೆ ಸಂಬಂಧವಿಲ್ಲ. ಒಂದೊಂದನ್ನೇ ಕೇಳಿ ನೋಡಿದೆ. ಸೇಡಂ ಮತ್ತು ಶಹಾಬಾದದ ಎಣಿಕೆ ಒಂದೇ ಇತ್ತು. ವಾಡಿ ಅವುಗಳಿಗಿಂತ ಕೂದಲೆಳೆಯಷ್ಟು ಹಿಂದಿತ್ತು, ಮಾಮಾ ಅದನ್ನು ಕೈಯಲ್ಲಿ ಹಿಡಿದಿದ್ದ ಹೊತ್ತಿನಷ್ಟು. ಆ ಹೊತ್ತಿನಲ್ಲಿ ಯಾರೂ ಏನೂ ಬರೆದಿರಲಿಲ್ಲ. ಹಾಗಾದರೆ ಅದನ್ನು ನಂಬಬಹುದು. ಗುಂಪನ್ನು ಪೂರ್ತಿ ನಿಲ್ಲಿಸಿ, ಈ ಮೂರನ್ನೇ ಹೆಸರಿಸಿ, ಒತ್ತಾಯದಿಂದ ಕೂಡಿಸುವ ಆಜ್ಞೆ ಬರೆದೆ. ಒತ್ತುವ ಮೊದಲು ಮುತ್ಯಾನ ಕಡೆ ನೋಡಿದೆ. ಅವರು ತಲೆಯಾಡಿಸಿದರು, ಏನೆಂದು ತಿಳಿಯದಿದ್ದರೂ.

ಮೂರು ಯು, ಒಂದು ಅಡ್ಡಗೆರೆ. ಫೋಲ್ಡರಿನಲ್ಲಿ ಹನ್ನೊಂದು ಪದಗಳ ಹೆಸರು.

"ಬಂದ್ವು," ಎಂದೆ.

"ಹಂಗಾದ್ರ ಇನ್ನ ಚಿಂಚೋಳಿ ಗಾಡಿ ಹತ್ತಲಿ," ಎಂದಳು ಅತ್ತಿ.

ಈ ಸಲ ನಂಬರನ್ನು ಮೂರು ಸಲ ಓದಿ ನಿಜವಾದ ಚಿತ್ತಾಪುರವನ್ನು ನಾನೇ ಎಳೆದೆ. ಆ ಖಾನೆಗೆ ಚಿಂಚೋಳಿಯನ್ನು ತಳ್ಳಿ ಗುಂಪಿಗೆ ಸೇರಿಸಿದೆ. ಮೂರು ಡಿಸ್ಕುಗಳು ತಮ್ಮ ಲೆಕ್ಕದಿಂದ ಸತ್ತದ್ದರ ಬರಹವನ್ನು ಹೊಸದರಲ್ಲಿ ಮತ್ತೆ ಬರೆಯತೊಡಗಿದವು. ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಪರದೆಯ ಮೇಲೆ ಶೇಕಡಾ ಒಂದು, ಒಂದೂವರೆ, ಎರಡು.

ಹನ್ನೆರಡೂ ಕಾಲಿಗೆ ಕರೆಂಟು ಹೋಯಿತು. ಇನ್ವರ್ಟರಿನ ಬ್ಯಾಟರಿ ಹಳೆಯದು. ಮಾಮಾ ಫ್ಯಾನು, ದೀಪ, ಫ್ರಿಜ್ ಎಲ್ಲ ಆರಿಸಿದ. ಪೆಟ್ಟಿಗೆ ಒಂದೇ ಉಳಿಯಿತು. ಜೂನ್ ಮಧ್ಯವಾದರೂ ಮಳೆ ಸರಿಯಾಗಿ ಬಂದಿರಲಿಲ್ಲ, ಕಲ್ಲಿನ ಮನೆ ಹಂಚಿನಂತೆ ಕಾದಿತ್ತು. ಅತ್ತಿ ಒಂದು ಬೀಸಣಿಗೆ ತಂದು ಪೆಟ್ಟಿಗೆಯ ಬಾಯಿಗೆ ಬೀಸುತ್ತ ಕುಳಿತಳು.

"ನಮ್ಮವ್ವ ಸಾಯೋಮುಂದ ಇಷ್ಟು ಬೀಸಿಲ್ಲ ನೀನು," ಎಂದ ಮಾಮಾ.

"ನಿಮ್ಮವ್ವ ಇಷ್ಟು ಸುಮ್ ಕೂತಿದ್ರ ಬೀಸ್ತಿದ್ದೆ."

ಮುತ್ಯಾ ನಕ್ಕರು, ನಗುವಿಗೂ ದನಿಯಿರಲಿಲ್ಲ, ಭುಜ ಮಾತ್ರ ಕುಣಿದವು. ಆಮೇಲೆ ಅವರೇ ಬೀಸಣಿಗೆ ಇಸಿದುಕೊಂಡರು. ಹೀಗೆ ಸರದಿಯ ಮೇಲೆ ಬೀಸಿದೆವು. ನಾನು ತಂದ ರೊಟ್ಟಿ ಗಂಟನ್ನು ಬಿಚ್ಚಿ ಅದೇ ಒಳಕೋಣೆಯಲ್ಲಿ ಊಟ ಮಾಡಿದೆವು. ಸ್ಟುಡಿಯೊದ ನೆನಪು ಬಂದಾಗಲೆಲ್ಲ ನನಗೆ ಕಾಣುವುದು ಆ ಮಧ್ಯಾಹ್ನವೇ: ಅರೆಗತ್ತಲು, ತಣ್ಣನೆಯ ಫರ್ಸಿ ನೆಲ, ಒಂದು ಪೆಟ್ಟಿಗೆಯ ಸುತ್ತ ನಾಲ್ಕು ಜನ, ಒಬ್ಬರ ಕೈಯಲ್ಲಿ ಬೀಸಣಿಗೆ.

ಕರೆಂಟು ಮರಳಿ ಬಂದ ಮೇಲೆ, ಶೇಕಡಾ ಅರವತ್ತರ ಹತ್ತಿರ, ಪರದೆಯ ಮೇಲೆ ಒಂದು ಎಚ್ಚರಿಕೆ ಬಂತು. ಸೇಡಂ ಎಂಬ ಡಿಸ್ಕಿನ ಒಂದು ಜಾಗ ಓದಲು ಬರುತ್ತಿಲ್ಲ. ಪ್ರೋಗ್ರಾಂ ಆ ಜಾಗವನ್ನು ಗುರುತು ಹಾಕಿಕೊಂಡು ಮುಂದೆ ಹೋಯಿತು. ಚಿತ್ತಾಪುರ ಬದುಕಿದ್ದರೆ ಅದರ ಲೆಕ್ಕದಿಂದ ಆ ತುಂಡು ಸಿಗುತ್ತಿತ್ತು. ಈಗ ಅಷ್ಟು ಭಾಗಕ್ಕೆ ಎರಡು ಸತ್ತಂತೆಯೇ. ನಾನು ಯಾರಿಗೂ ಹೇಳಲಿಲ್ಲ. ಯಾವುದೋ ಮದುವೆಯ ಊಟದ ಪಂಕ್ತಿ ಇರಲಿ ಎಂದು ಬೇಡಿಕೊಂಡೆ.

ಸಂಜೆ ಐದೂ ನಲವತ್ತಕ್ಕೆ ನಾಲ್ಕು ಯು ಬಂದವು. ಪದಗಳನ್ನು ಒಂದೊಂದಾಗಿ ನಕಲು ಮಾಡುತ್ತ ಹೋದೆ. ಹತ್ತು ಸರಿಯಾಗಿ ಬಂದವು. ಏಳನೆಯದು ನಡುವೆ ನಿಂತಿತು. ಓದಲಾಗದ ಜಾಗ ಅದರೊಳಗೇ ಇತ್ತು. ಓದಲು ಬಂದಷ್ಟನ್ನು ತೆಗೆದುಕೊಂಡು, ಬಾರದ ಕಡೆ ಅಷ್ಟೇ ಉದ್ದದ ಮೌನ ಇಡುವ ಒಂದು ಉಪಾಯವಿದೆ. ಹಾಗೆ ಮಾಡಿ ಸ್ಪೀಕರಿಗೆ ಹಚ್ಚಿದೆ.

ಸ್ಟುಡಿಯೊ ತುಂಬ ಮುತ್ಯಾನ ದನಿ ಎದ್ದಿತು. ಹಿತ್ತಾಳೆಯ ಕೊಡದ ಮೇಲೆ ಬಡಿದಂಥ ದನಿ. ಕಾಳಗಕ್ಕೆ ಹೋದ ಅಣ್ಣನಿಗಾಗಿ ತಂಗಿ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ಕಾಯುವ ಪದ ಅದು. ಅತ್ತಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಮುತ್ಯಾ ತಮ್ಮ ದನಿಯನ್ನು ತಾವೇ ಕೇಳುತ್ತ ಎದ್ದು ನಿಂತರು. ಕಾಲು ತಾನಾಗಿ ಹೆಜ್ಜೆ ಹಾಕತೊಡಗಿತು: ಎರಡು ಮುಂದೆ, ಒಂದು ಹಿಂದೆ, ಬಲಕ್ಕೆ ತಿರುಗಿ ಒಂದು ಕುಪ್ಪಳ. ತುಟಿ ಪದದ ಜೊತೆಗೇ ಅಲುಗುತ್ತಿತ್ತು.

ನಾಲ್ಕನೆಯ ನುಡಿ, ಅಂದರೆ ನಾಲ್ಕನೆಯ ಚರಣ, ಮುಗಿದು ದನಿ ಕಡಿಯಿತು. ಮೌನ. ಆಮೇಲೆ ಒಂದೆರಡು ಶಬ್ದ, ಮತ್ತೆ ಮೌನ, ಹೀಗೆ ನಾಲ್ಕು ಸಲ. ಮುತ್ಯಾನ ತುಟಿ ನಿಂತಿತು. ಕಾಲು ನಿಲ್ಲಲಿಲ್ಲ. ಆ ಹರಕು ಮೌನದೊಳಗೆ ಅವರ ಹೆಜ್ಜೆ ಫರ್ಸಿಯ ಮೇಲೆ ಹಾಗೇ ಬೀಳುತ್ತಿತ್ತು. ಬಲಕ್ಕೆ ತಿರುಗಿ ಕುಪ್ಪಳಿಸಿದರು, ಮತ್ತೆ ಮೊದಲಿನಿಂದ, ಮತ್ತೊಮ್ಮೆ ಕುಪ್ಪಳ. ಅವರ ಕಾಲು ಮತ್ತೆ ಮುಂದೆ ಬಿದ್ದ ಕ್ಷಣಕ್ಕೇ ಸ್ಪೀಕರಿನಲ್ಲಿ ಪದ ಎದ್ದಿತು.

"ಎರಡು ನುಡಿ ಹೋಗ್ಯಾವ," ಎಂದು ಪಿಸುಗುಟ್ಟಿದರು, ಪದ ಮುಗಿದ ಮೇಲೆ.

"ನೆನಪು ಬರ್ತಾವೇನ್ರಿ ಮುತ್ಯಾ?"

ಅವರು ಕಣ್ಣು ಮುಚ್ಚಿದರು. ಬಾಯಿ ತೆರೆದರು. ಗಾಳಿ ಬಂತು, ನುಡಿ ಬರಲಿಲ್ಲ. "ಕಾಲಿಗಿ ಗೊತ್ತದ," ಎಂದರು. "ಬಾಯಿಗಿ ಇಲ್ಲ."

ಮಾಮಾ ಮುಖ ತೊಳೆಯುವ ನೆಪ ಮಾಡಿ ಹಿತ್ತಲಿಗೆ ಹೋದ. ಮುತ್ಯಾ ಪೆನ್‌ಡ್ರೈವನ್ನು ವಸ್ತ್ರದ ತುದಿಗೆ ಗಂಟು ಹಾಕಿಕೊಂಡರು. ಹೋಗುವಾಗ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಆ ಕೈಯನ್ನು ನನ್ನ ತಲೆಯ ಮೇಲಿಟ್ಟರು. "ಹತ್ತು ಬಂದಾವ ಯವ್ವಾ. ಭಾಳ ಆತು."

ಆ ವರ್ಷದ ಮೊಹರಂಗೆ ಮಾಮಾ, ಅತ್ತಿ, ನಾನು ಆಡಕಿಗೆ ಹೋದೆವು. ಹುಡುಗರು ಹನ್ನೊಂದೂ ಪದ ಕಲಿತಿದ್ದರು. ಮುತ್ಯಾ ಮುಂದೆ ನಿಂತು ಕೈಯಲ್ಲಿ ತಾಳದ ಗತ್ತು ತೋರಿಸುತ್ತಿದ್ದರು. ಏಳನೆಯ ಪದದಲ್ಲಿ ಆ ಜಾಗ ಬಂದಾಗ ಇಡೀ ಮೇಳ ಬಾಯಿ ಮುಚ್ಚಿತು, ಹಲಗೆಯ ಬಡಿತವೂ ನಿಂತಿತು. ಎರಡು ನುಡಿಯಷ್ಟು ಹೊತ್ತು ಮಣ್ಣಿನ ಮೇಲೆ ಹೆಜ್ಜೆಯ ಸದ್ದು ಮಾತ್ರ. ನೋಡಲು ಬಂದವರು ಪದ ಇರುವುದೇ ಹಾಗೆ ಎಂದುಕೊಂಡರು. ಮರುವರ್ಷವೂ ಹಾಗೆಯೇ ಆಯಿತು. ಈಗ ಸಣ್ಣ ಹುಡುಗರು ಆ ಮೌನವನ್ನೂ ಪದದ ಭಾಗವೆಂದೇ ಕಲಿಯುತ್ತಿದ್ದಾರೆ. ಅದು ಚೆನ್ನಾಗಿದೆ ಎಂದು ಹೇಳುವವರೂ ಇದ್ದಾರೆ. ಮುತ್ಯಾ ಹಾಗೆ ಹೇಳುವುದಿಲ್ಲ. ನಾನು ಹೋದಾಗಲೆಲ್ಲ, "ಸಿಕ್ಕ್ವೇನು?" ಎಂದು ತುಟಿಯಲ್ಲೇ ಕೇಳುತ್ತಾರೆ.

ಸ್ಟುಡಿಯೊ ಈಗಿಲ್ಲ. ಆ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಮಾಮಾ ಮನೆಯಿಂದಲೇ ಮದುವೆ ಕೆಲಸ ಹಿಡಿಯುತ್ತಾನೆ. ನಾನು ಕಲಬುರಗಿಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದೇನೆ. ಪೆಟ್ಟಿಗೆ ಸೇಡಂನ ನಮ್ಮ ಮನೆಯಲ್ಲಿದೆ. ಸೇಡಂ ಡಿಸ್ಕನ್ನೂ ಆಮೇಲೆ ಬದಲಾಯಿಸಿದೆ; ಹೊಸದಕ್ಕೆ ಆಡಕಿ ಎಂದು ಅತ್ತಿಯೇ ಬರೆದುಕೊಟ್ಟಳು, ಜೊತೆಗೆ ಪ್ರತಿ ಚೀಟಿಯ ಮೇಲೂ ಸೀರಿಯಲ್ ನಂಬರನ್ನು. ಹನ್ನೊಂದೂ ಪದಗಳ ನಕಲುಗಳು ಈಗ ನಾಲ್ಕು ಊರುಗಳ ಮನೆಗಳಲ್ಲಿವೆ. ಸತ್ತ ಚಿತ್ತಾಪುರವನ್ನೂ ಎಸೆದಿಲ್ಲ. ಆಗಾಗ ಹಚ್ಚಿ ನೋಡುತ್ತೇನೆ. ಟಕ್ ಟಕ್ ಎನ್ನುತ್ತದೆ, ಅಷ್ಟೆ.

ಆ ಎರಡು ನುಡಿಗಳ ಜಾಗದಲ್ಲಿ ನಮಗೆ ಕೇಳಿಸಿರುವುದು ಇಷ್ಟು. ಮೊದಲ ನುಡಿಯಲ್ಲಿ "ಬಾವಿ", "ತಿರುಗಿ ನೋಡ". ಎರಡನೆಯದರಲ್ಲಿ "ಎಣ್ಣಿ", ಕೊನೆಯ ಹತ್ತಿರ "ಬೆಳಕಾಗು". ತಂಗಿ ತಂಬಿಗೆ ಹಿಡಿದು ಬಾಗಿಲಲ್ಲಿ ಕಾಯುವ ಪದ; ಹೆಜ್ಜೆ ಎರಡು ಮುಂದೆ, ಒಂದು ಹಿಂದೆ, ಬಲಕ್ಕೊಂದು ಕುಪ್ಪಳ. ಕೊಡ್ಲಿ, ಕಾಳಗಿ, ಚಿಂಚೋಳಿಯ ಕಡೆಯ ಮೇಳಗಳಲ್ಲಿ ಇದನ್ನು ಹಾಡುವವರೋ, ಹಾಡುತ್ತಿದ್ದ ಹಿರಿಯರ ಮನೆಯವರೋ ಇರಬಹುದು. ಪೂರ್ತಿ ನೆನಪಿಲ್ಲದಿದ್ದರೂ ಚಿಂತೆಯಿಲ್ಲ, ಒಂದು ಸಾಲು, ಅರ್ಧ ಸಾಲು ಗೊತ್ತಿದ್ದರೂ ಬರೆದು ತಿಳಿಸಿರಿ. ಉಳಿದದ್ದನ್ನು ಕೂಡಿಸಿ ನೋಡುತ್ತೇವೆ. ಆಡಕಿಯಲ್ಲಿ ಒಬ್ಬರು ಕಾಯುತ್ತಿದ್ದಾರೆ.